ಶರತ್ಕಾಲದ ಮಾಲ್ಟಾ: ಸಂತ ಪೌಲರ ಹಡಗು ಒಡೆದ ದ್ವೀಪಕ್ಕೆ ಹೋಗುವವರಿಗೆ

ಮೆಡಿಟರೇನಿಯನ್ ಸಮುದ್ರದ ನಡುವೆ, ಇಟಲಿಗೆ ಸೇರಿದ ಸಿಸಿಲಿ ದ್ವೀಪದಿಂದ ಸುಮಾರು 90 ಕಿ.ಮೀ. ದಕ್ಷಿಣಕ್ಕೆ ಇರುವ ಪುಟ್ಟ ದೇಶ ಮಾಲ್ಟಾ. ಮಾಲ್ಟಾ, ಗೋಜೊ ಮತ್ತು ಕೊಮಿನೊ ಎಂಬ ಮೂರು ದ್ವೀಪಗಳಲ್ಲಿ ಮಾತ್ರ ಜನವಸತಿ ಇದೆ. ಒಟ್ಟು ವಿಸ್ತೀರ್ಣ 316 ಚದರ ಕಿ.ಮೀ., ಅಂದರೆ ಬೆಂಗಳೂರು ಮಹಾನಗರದ ಅರ್ಧದಷ್ಟೂ ಇಲ್ಲ. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ 5 ಲಕ್ಷ 19 ಸಾವಿರ. ಇಷ್ಟು ಸಣ್ಣ ಜಾಗದಲ್ಲಿ 350ಕ್ಕೂ ಹೆಚ್ಚು ಚರ್ಚುಗಳೂ ಪ್ರಾರ್ಥನಾಲಯಗಳೂ ಇವೆ.

ರೋಮ್, ಫಾತಿಮಾ, ಲೂರ್ದ್ ಯಾತ್ರೆಗೆ ಹೊರಡುವ ನಮ್ಮವರಲ್ಲಿ ಈ ದ್ವೀಪವನ್ನೂ ಸೇರಿಸಿಕೊಳ್ಳಲು ಬಯಸುವವರಿದ್ದಾರೆ. ಅವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ: ಯಾವ ತಿಂಗಳಲ್ಲಿ ಹೋಗಬೇಕು? ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಎಂಬುದು ಈ ಲೇಖನದ ಉತ್ತರ. ಬಿಸಿಲು ಹಿತವಾಗಿರುತ್ತದೆ, ಕಡಲು ಇನ್ನೂ ಬೆಚ್ಚಗಿರುತ್ತದೆ, ಜುಲೈ-ಆಗಸ್ಟ್‌ನ ಜನಜಂಗುಳಿ ಕರಗಿರುತ್ತದೆ. ಆದರೆ ಅದೇ ತಿಂಗಳುಗಳಲ್ಲಿ ಅಲ್ಲಿನ ಕಡಲು ಹೇಳದೆ ಕೇಳದೆ ತಿರುಗಿ ಬೀಳುತ್ತದೆ. ಸಂತ ಪೌಲರು ಮಾಲ್ಟಾ ದಡ ಸೇರಿದ್ದು ಹೀಗೆ ತಿರುಗಿ ಬಿದ್ದ ಕಡಲಿನಿಂದಲೇ. ಆ ಹಡಗಿನ ಕಥೆಯನ್ನು ತಿಳಿದು ಹೋದವರಿಗೆ ದ್ವೀಪವೂ ಅರ್ಥವಾಗುತ್ತದೆ, ಹವಾಮಾನವೂ ಅರ್ಥವಾಗುತ್ತದೆ.

ತಡವಾಗಿ ಹೊರಟ ಹಡಗು

ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯವನ್ನು ನಾವು ವಿಶ್ವಾಸದ ಪಾಠವಾಗಿ ಕೇಳುತ್ತೇವೆ. ಒಮ್ಮೆ ಅದನ್ನು ಮೀನುಗಾರರ ಕಣ್ಣಿನಿಂದ ಓದಿ ನೋಡಿ. ಕೈದಿಯಾಗಿದ್ದ ಪೌಲರನ್ನು ಜೂಲಿಯಸ್ ಎಂಬ ಶತಾಧಿಪತಿ ರೋಮಿಗೆ ಕರೆದೊಯ್ಯುತ್ತಿದ್ದಾನೆ. ಅಲೆಕ್ಸಾಂಡ್ರಿಯದ ಗೋಧಿ ಹಡಗು ಕ್ರೀಟ್ ದ್ವೀಪದ ದಕ್ಷಿಣದ ಒಂದು ರೇವಿಗೆ ಬಂದಾಗ ಯೆಹೂದ್ಯರ ಉಪವಾಸದ ದಿನ ಕಳೆದಿತ್ತು ಎಂದು ಲೂಕರು ಗುರುತಿಸುತ್ತಾರೆ. ಆ ಉಪವಾಸವೆಂದರೆ ಪ್ರಾಯಶ್ಚಿತ್ತದ ದಿನ. ಅದು ಬರುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಕ್ರಿ.ಶ. 59ರಲ್ಲಿ ಅದು ಅಕ್ಟೋಬರ್ 5ರ ಸುಮಾರಿಗೆ ಬಿದ್ದಿತ್ತು ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಲೂಕರು ಆ ಒಂದು ಮಾತನ್ನು ಸುಮ್ಮನೆ ಸೇರಿಸಿಲ್ಲ. ಹಂಗಾಮು ಮುಗಿಯುತ್ತಾ ಬಂತು ಎಂಬ ಎಚ್ಚರಿಕೆ ಅದರಲ್ಲಿದೆ.

ರೋಮನ್ ಲೇಖಕ ವೆಜೀಷಿಯಸ್ ಕಡಲಿನ ಪಂಚಾಂಗವನ್ನೇ ಬರೆದಿಟ್ಟಿದ್ದಾನೆ. ಮೇ 27ರಿಂದ ಸೆಪ್ಟೆಂಬರ್ 14ರವರೆಗೆ ಪ್ರಯಾಣ ಸುರಕ್ಷಿತ. ಅಲ್ಲಿಂದ ನವೆಂಬರ್ 11ರವರೆಗೆ ಅನುಮಾನ. ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಕಡಲು ಮುಚ್ಚಿದಂತೆ. ನಮ್ಮ ಕರಾವಳಿಯಲ್ಲಿ ಮುಂಗಾರು ಬಂದಾಗ ದೋಣಿಗಳನ್ನು ದಡಕ್ಕೆಳೆಯುತ್ತೇವೆ, ಜೂನ್-ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅಲ್ಲಿ ಕಡಲು ಮುಚ್ಚುತ್ತಿದ್ದುದು ಚಳಿಗಾಲಕ್ಕೆ. ಪೌಲರ ಹಡಗು ಹೊರಟದ್ದು ನಡುವಿನ ಆ ಅನುಮಾನದ ಕಾಲದಲ್ಲಿ. ಇಲ್ಲೇ ಉಳಿಯೋಣ ಎಂದು ಪೌಲರು ಹೇಳಿದರೂ ಶತಾಧಿಪತಿ ನಾವಿಕನ ಮತ್ತು ಹಡಗಿನ ಯಜಮಾನನ ಮಾತನ್ನು ನಂಬಿದ. ದಕ್ಷಿಣದ ತಂಗಾಳಿ ಬೀಸಿತು. ಎಲ್ಲವೂ ಅನುಕೂಲ ಎಂದುಕೊಂಡು ಲಂಗರೆತ್ತಿದರು. ಸ್ವಲ್ಪ ಹೊತ್ತಿಗೆ ಕ್ರೀಟಿನ ಕಡೆಯಿಂದ ಈಶಾನ್ಯದ ಬಿರುಗಾಳಿ ಎರಗಿತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಸೂರ್ಯನೂ ನಕ್ಷತ್ರಗಳೂ ಕಾಣದ ದಿನಗಳು, ಕಡಲಿಗೆ ಎಸೆದ ಸರಕು, ಊಟವಿಲ್ಲದ ಜನ. 14ನೇ ರಾತ್ರಿ ನಾವಿಕರಿಗೆ ನೆಲ ಹತ್ತಿರವಾದ ಸುಳಿವು ಸಿಕ್ಕಿತು. ಗುಂಡು ಇಳಿಸಿ ಅಳೆದರೆ 20 ಮಾರು, ಇನ್ನಷ್ಟು ಮುಂದೆ 15 ಮಾರು. ಬಂಡೆಗೆ ಬಡಿಯುವ ಭಯದಿಂದ ಹಿಂಭಾಗದಿಂದ ನಾಲ್ಕು ಲಂಗರು ಬಿಟ್ಟು ಬೆಳಗಾಗಲೆಂದು ಕಾದರು. ಹಡಗು ಒಡೆಯಿತು, ಆದರೆ ಅದರಲ್ಲಿದ್ದ 276 ಮಂದಿಯೂ ಈಜಿಕೊಂಡೋ ಹಲಗೆ ಹಿಡಿದೋ ದಡ ಸೇರಿದರು. ಮಳೆ ಸುರಿಯುತ್ತಿತ್ತು, ಚಳಿಯಿತ್ತು. ಗುರುತು ಪರಿಚಯವಿಲ್ಲದ ದ್ವೀಪದ ಜನ ಬೆಂಕಿ ಹೊತ್ತಿಸಿ ಎಲ್ಲರನ್ನೂ ಹತ್ತಿರ ಕರೆದರು. ಪೌಲರ ಕೈಗೆ ಹಾವು ಸುತ್ತಿಕೊಂಡದ್ದು ಆ ಬೆಂಕಿಯ ಬಳಿಯೇ. ದ್ವೀಪದ ಮುಖ್ಯಸ್ಥ ಪುಬ್ಲಿಯನು ಮೂರು ದಿನ ಸತ್ಕರಿಸಿದ. ಪೌಲರು ಅವನ ತಂದೆಯ ಜ್ವರ ಮತ್ತು ರಕ್ತಭೇದಿಯನ್ನು ಗುಣಪಡಿಸಿದರು. ಮೂರು ತಿಂಗಳ ನಂತರ, ಕಡಲು ತೆರೆದ ಮೇಲೆ, ಅಲ್ಲೇ ಚಳಿಗಾಲ ಕಳೆದಿದ್ದ ಇನ್ನೊಂದು ಹಡಗಿನಲ್ಲಿ ಅವರು ಮುಂದೆ ಹೊರಟರು.

ಈ ವಿವರಣೆಯನ್ನು ಪರೀಕ್ಷಿಸಿ ನೋಡಿದವನೊಬ್ಬನಿದ್ದಾನೆ. ಸ್ಕಾಟ್ಲೆಂಡಿನ ಜೇಮ್ಸ್ ಸ್ಮಿತ್ ಹಾಯಿದೋಣಿ ನಡೆಸುತ್ತಿದ್ದವನು, ಭೂವಿಜ್ಞಾನವನ್ನೂ ಬಲ್ಲವನು. 1844-45ರ ಚಳಿಗಾಲವನ್ನು ಮಾಲ್ಟಾದಲ್ಲಿ ಕಳೆದ ಅವನು 1848ರಲ್ಲಿ ಪೌಲರ ಪ್ರಯಾಣದ ಬಗ್ಗೆ ಪುಸ್ತಕ ಪ್ರಕಟಿಸಿದ. ಹಾಯಿ ಇಳಿಸಿದ ಅಂಥ ಹಡಗು ಆ ಗಾಳಿಯಲ್ಲಿ ಗಂಟೆಗೆ ಸುಮಾರು ಒಂದೂವರೆ ಮೈಲಿ ತೇಲುತ್ತದೆ ಎಂದು ಅಂದಾಜಿಸಿ, ಕ್ರೀಟಿನ ಪಕ್ಕದ ಕೌದ ದ್ವೀಪದಿಂದ ಮಾಲ್ಟಾಕ್ಕಿರುವ ದೂರಕ್ಕೆ ಭಾಗಿಸಿದ. ಬಂದ ಉತ್ತರ 13 ದಿನಗಳಿಗಿಂತ ಸ್ವಲ್ಪ ಹೆಚ್ಚು. ಲೂಕರ 14ನೇ ರಾತ್ರಿಗೆ ಇದು ಎಷ್ಟು ಹತ್ತಿರ ಎಂಬುದನ್ನು ಓದುಗರೇ ನೋಡಬಹುದು. ಹಡಗು ಒಡೆದದ್ದು ಮಾಲ್ಟಾದಲ್ಲಲ್ಲ, ಇಂದಿನ ಕ್ರೊವೇಷಿಯದ ಮ್ಲೆಟ್ ದ್ವೀಪದಲ್ಲಿ ಎಂಬ ವಾದವೂ ಬಹಳ ಹಿಂದಿನಿಂದ ಇದೆ, ಏಕೆಂದರೆ ಹಳೆಯ ಕಾಲದಲ್ಲಿ ಎರಡಕ್ಕೂ ಮೆಲಿತ ಎಂದೇ ಹೆಸರಿತ್ತು. ಸ್ಮಿತ್‌ನ ಲೆಕ್ಕದ ಮುಂದೆ ಆ ವಾದ ದುರ್ಬಲವಾಗಿ ಕಾಣುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಪೌಲರ ಜಾಡಿನಲ್ಲಿ

ದ್ವೀಪದ ಉತ್ತರಕ್ಕೆ ಸಂತ ಪೌಲರ ಕೊಲ್ಲಿ ಇದೆ. ಅದರ ಬಾಯಲ್ಲಿರುವ ಸಂತ ಪೌಲರ ದ್ವೀಪದ ಮೇಲೆ ದೊಡ್ಡ ಪ್ರತಿಮೆಯೊಂದು ನಿಂತಿದೆ. ಸಂಪ್ರದಾಯ ಗುರುತಿಸುವ ಸ್ಥಳ ಇದೇ. ಕೊಲ್ಲಿಯ ಸುತ್ತ ಇಂದು ಹೋಟೆಲು, ಅಪಾರ್ಟ್‌ಮೆಂಟುಗಳೇ ತುಂಬಿವೆ. ಮೌನವನ್ನು ಹುಡುಕಿ ಹೋದವರಿಗೆ ನಿರಾಶೆಯಾಗಬಹುದು. ಆದರೂ ನೀರಿನಂಚಿಗೆ ಹೋಗಿ ಕೊಲ್ಲಿ ಯಾವ ದಿಕ್ಕಿಗೆ ತೆರೆದುಕೊಂಡಿದೆ ಎಂದು ನೋಡಿರಿ. ಅದು ಈಶಾನ್ಯಕ್ಕೆ ತೆರೆದಿದೆ. ಮಾಲ್ಟಾದವರು ಗ್ರಿಗಾಲ್ ಎಂದು ಕರೆಯುವ ಈಶಾನ್ಯದ ಬಿರುಗಾಳಿ ಎದ್ದರೆ ಅಲೆಗಳು ನೇರವಾಗಿ ಒಳನುಗ್ಗುತ್ತವೆ. 2019ರ ಫೆಬ್ರವರಿಯಲ್ಲಿ ಅಂಥ ಗಾಳಿಗೆ ಕೊಲ್ಲಿಯ ಶೆಮ್ಶಿಯಾ ಭಾಗದಲ್ಲಿ ಮೀನುಗಳು ರಸ್ತೆಯ ಮೇಲೆಯೇ ಬಂದು ಬಿದ್ದವು, ಜನ ಚೀಲ ಹಿಡಿದು ಆಯ್ದುಕೊಂಡರು.

ಎರಡನೆಯದು ರಬಾತ್ ಪಟ್ಟಣದ ಸಂತ ಪೌಲರ ಗುಹೆ. ಆ ಮೂರು ತಿಂಗಳಲ್ಲಿ ಪೌಲರು ಇಲ್ಲಿ ತಂಗಿದ್ದರೆಂದು ನಂಬಿಕೆ. 1990ರಲ್ಲಿ ಪೋಪ್ ಎರಡನೇ ಜಾನ್ ಪಾಲ್, 2010ರಲ್ಲಿ ಪೋಪ್ 16ನೇ ಬೆನೆಡಿಕ್ಟ್, 2022ರಲ್ಲಿ ಪೋಪ್ ಫ್ರಾನ್ಸಿಸ್ ಇಲ್ಲಿ ಮೊಣಕಾಲೂರಿ ಪ್ರಾರ್ಥಿಸಿದ್ದಾರೆ. ಬೆನೆಡಿಕ್ಟರ ಭೇಟಿ ಹಡಗು ಒಡೆದುದರ 1950ನೇ ವರ್ಷದ ನೆನಪಿಗಾಗಿ ನಡೆದದ್ದು. ಪಕ್ಕದಲ್ಲೇ ಕೋಟೆಯೊಳಗಿನ ಮ್ದೀನಾ ಇದೆ. ಹಳೆಯ ರಾಜಧಾನಿ, ವಾಹನ ಓಡಾಟ ಕಡಿಮೆ, ಸಂಜೆಯ ಹೊತ್ತಿಗೆ ಹೆಜ್ಜೆ ಸಪ್ಪಳ ಕೇಳುವಷ್ಟು ಶಾಂತ.

ಮೂರನೆಯದು ರಾಜಧಾನಿ ವಲ್ಲೆಟ್ಟಾದಲ್ಲಿರುವ, ಪೌಲರ ನೌಕಾಘಾತಕ್ಕೆ ಸಮರ್ಪಿತವಾದ ಚರ್ಚು. ಪೌಲರ ಮಣಿಕಟ್ಟಿನ ಎಲುಬಿನ ಅವಶೇಷವನ್ನು ಇಲ್ಲಿ ಪೂಜ್ಯವಾಗಿ ಕಾಯ್ದಿಡಲಾಗಿದೆ. ನೌಕಾಘಾತದ ಹಬ್ಬ ಬರುವುದು ಫೆಬ್ರವರಿ 10ರಂದು; ಶರತ್ಕಾಲದಲ್ಲಿ ಹೋಗುವವರಿಗೆ ಆ ಮೆರವಣಿಗೆ ಸಿಗುವುದಿಲ್ಲ. ಬದಲಿಗೆ ಖಾಲಿ ಬೆಂಚುಗಳ ನಡುವೆ ಕುಳಿತುಕೊಳ್ಳುವ ಅವಕಾಶ ಸಿಗುತ್ತದೆ.

ವಲ್ಲೆಟ್ಟಾಕ್ಕೆ ಹೋದ ಮೇಲೆ ಸಂತ ಯೊವಾನ್ನರ ಸಹ-ಪ್ರಧಾನಾಲಯವನ್ನು ನೋಡದೆ ಬರುವವರಿಲ್ಲ. 1573ರಿಂದ 1578ರ ನಡುವೆ ಸಂತ ಯೊವಾನ್ನರ ಸಂಘದ ಯೋಧರಿಗಾಗಿ ಕಟ್ಟಿದ್ದು. ಹೊರಗೆ ಸಾದಾ ಗೋಡೆ, ಒಳಗೆ ಕಣ್ಣು ಕೋರೈಸುವ ಬಂಗಾರದ ಕೆತ್ತನೆ. ನೆಲವೆಲ್ಲ ಯೋಧರ ಅಮೃತಶಿಲೆಯ ಸಮಾಧಿಗಳೇ ಆದ್ದರಿಂದ ಚೂಪು ಹಿಮ್ಮಡಿಯ ಚಪ್ಪಲಿಗೆ ಪ್ರವೇಶವಿಲ್ಲ. ಕರವಜ್ಜೊ 1608ರಲ್ಲಿ ಬರೆದ, ಸ್ನಾನಿಕ ಯೊವಾನ್ನರ ಶಿರಚ್ಛೇದದ ಭಾರಿ ಚಿತ್ರ ಇಲ್ಲಿದೆ. ಆ ಕಲಾವಿದ ಸಹಿ ಹಾಕಿದ ಏಕೈಕ ಚಿತ್ರ ಇದು. ಸಹಿ ಇರುವುದು ಸಂತರ ಕುತ್ತಿಗೆಯಿಂದ ಹರಿದ ರಕ್ತದಲ್ಲಿ.

ಕಡಲು, ಗಾಳಿ, ಮೊದಲ ಮಳೆ

ಸೆಪ್ಟೆಂಬರ್‌ನಲ್ಲಿ ಹಗಲಿನ ಗರಿಷ್ಠ ಉಷ್ಣತೆ ಸುಮಾರು 28 ಡಿಗ್ರಿ, ಅಕ್ಟೋಬರ್‌ನಲ್ಲಿ 25, ನವೆಂಬರ್‌ನಲ್ಲಿ 20ರ ಆಸುಪಾಸು. ಕಡಲ ನೀರು ಇಡೀ ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತದೆ; ಸೆಪ್ಟೆಂಬರ್‌ನಲ್ಲಿ ಸುಮಾರು 26 ಡಿಗ್ರಿ, ನವೆಂಬರ್‌ನಲ್ಲೂ 20ರ ಮೇಲೆ. ಈ ಬಿಸಿ ಕಡಲೇ ಗುಡುಗು ಮಳೆಗೂ ಕಾರಣ. ಉತ್ತರದಿಂದ ತಣ್ಣನೆಯ ಗಾಳಿ ಅದರ ಮೇಲೆ ಹಾದಾಗ ಮೋಡ ಬೇಗ ಕಟ್ಟುತ್ತದೆ. ಬೆಳಿಗ್ಗೆ ಈಜಿದವರು ಮಧ್ಯಾಹ್ನ ಬಾಗಿಲು ಮುಚ್ಚಿ ಕೂರುವುದುಂಟು.

ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿ.ಮೀ. ಮಾತ್ರ. ಮಂಗಳೂರಿನಲ್ಲಿ 3,500 ಮಿ.ಮೀ. ಮೀರುವ ಮಳೆ ಕಂಡವರಿಗೆ ಇದು ನಗು ತರಿಸಬಹುದು. ಆದರೆ ಅಷ್ಟು ಮಳೆಯಲ್ಲಿ ಹೆಚ್ಚಿನದು ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ, ಕೆಲವೇ ದಿನಗಳಲ್ಲಿ ಒಮ್ಮೆಲೇ ಸುರಿಯುತ್ತದೆ. ಹಳೆಯ ಕಣಿವೆಗಳ ಮೇಲೆಯೇ ರಸ್ತೆ ಮಾಡಿರುವ ಮ್ಸೀದಾ, ಬಿರ್ಕಿರ್ಕಾರಾ ಪಟ್ಟಣಗಳಲ್ಲಿ ಬೀದಿಯೇ ಹೊಳೆಯಾಗುತ್ತದೆ. ಅಂಥ ಹೊತ್ತಿನಲ್ಲಿ ಬಾಡಿಗೆ ಕಾರು ಹೊರಡಿಸಬೇಡಿ.

ದೇಶದಲ್ಲಿ ಒಂದೇ ಒಂದು ನದಿಯಿಲ್ಲ. ಕುಡಿಯುವ ನೀರಿನ ಅರ್ಧಕ್ಕಿಂತ ಹೆಚ್ಚು ಭಾಗ ಕಡಲ ನೀರಿನ ಉಪ್ಪು ತೆಗೆದು ತಯಾರಾದದ್ದು. ಹಿಂದೆ ಮನೆಮನೆಗೂ ಬಂಡೆ ಕೊರೆದ ಮಳೆನೀರಿನ ಬಾವಿ ಇರುತ್ತಿತ್ತು; ಯೋಧರ ಆಡಳಿತ ವಲ್ಲೆಟ್ಟಾದ ಪ್ರತಿ ಮನೆಗೂ ಅದನ್ನು ಕಡ್ಡಾಯ ಮಾಡಿತ್ತು. ಹೀಗಾಗಿ ಶರತ್ಕಾಲದ ಮೊದಲ ಮಳೆ ಅಲ್ಲಿನವರಿಗೆ ಹಬ್ಬದಂತೆ. ಸೆಪ್ಟೆಂಬರ್‌ನಲ್ಲಿ ದ್ವೀಪ ಬೂದು-ಕಂದು ಬಣ್ಣದ ಬರಡು ಕಲ್ಲಿನಂತೆ ಕಾಣುತ್ತದೆ. ನವೆಂಬರ್‌ಗೆ ಕಲ್ಲಿನ ಗೋಡೆಗಳ ನಡುವಿನ ಪುಟ್ಟ ಗದ್ದೆಗಳೆಲ್ಲ ಹಸಿರು. ಯುರೋಪಿನ ಬೇರೆಡೆ ಎಲೆ ಉದುರುವ ಕಾಲದಲ್ಲಿ ಇಲ್ಲಿ ಹುಲ್ಲು ಚಿಗುರುತ್ತದೆ.

ಗಾಳಿಯ ಹೆಸರು ಕಲಿತರೆ ದಿನದ ಯೋಜನೆ ಸುಲಭ. ವಾಯವ್ಯದ ಮಜ್ಜಿಸ್ತ್ರಾಲ್ ಅತ್ಯಂತ ಸಾಮಾನ್ಯ. ಅದು ಬೀಸಿದ ದಿನ ದಕ್ಷಿಣ-ಪೂರ್ವ ತೀರ ಶಾಂತವಾಗಿರುತ್ತದೆ. ಆಗ್ನೇಯದ ಶ್ಲೊಕ್ ಆಫ್ರಿಕದ ಕಡೆಯಿಂದ ಸೆಕೆಯನ್ನೂ ಕೆಲವೊಮ್ಮೆ ಕೆಂಪು ಧೂಳನ್ನೂ ತರುತ್ತದೆ. ಗ್ರಿಗಾಲ್ ಬೀಸಿದ ದಿನ ಉತ್ತರ ತೀರದಲ್ಲಿ ನೀರಿಗಿಳಿಯುವ ಮಾತೇ ಇಲ್ಲ. ಅಲೆಗಳ ಫೋಟೊ ತೆಗೆಯಲೆಂದು ಬಂಡೆಯಂಚಿಗೆ ಹೋಗುವ ಹುಚ್ಚೂ ಬೇಡ.

ಸೆಪ್ಟೆಂಬರ್ 8

ಹಳ್ಳಿಗಳ ಪೋಷಕ ಸಂತರ ಹಬ್ಬಗಳು ಬೇಸಿಗೆಯಲ್ಲಿ ನಡೆದು ಸೆಪ್ಟೆಂಬರ್‌ನಲ್ಲಿ ಮುಗಿಯುತ್ತಾ ಬರುತ್ತವೆ. ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನವರ ಜನನೋತ್ಸವ, ಮಾಲ್ಟಾದಲ್ಲಿ ಸರ್ಕಾರಿ ರಜೆ. ನಮ್ಮ ಕರಾವಳಿಯಲ್ಲಿ ಅದು ಮೊಂತಿ ಹಬ್ಬ. ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ, ಹೊಸ ತೆನೆ ಮನೆಗೆ ಬರುತ್ತದೆ. ಮಾಲ್ಟಾದ ಸೆಂಗ್ಲೆಯಾ ಪಟ್ಟಣದಲ್ಲೂ ಆ ದಿನ ಬಾಲ ಮರಿಯಮ್ಮನ ಹೆಸರಿನ ಪ್ರತಿಮೆಯ ಮೆರವಣಿಗೆ ನಡೆಯುತ್ತದೆ. 1618ರಲ್ಲಿ ಆಡ್ರಿಯಾಟಿಕ್ ಸಮುದ್ರದಲ್ಲಿ ಒಡೆದ ಹಡಗೊಂದರಿಂದ ಅದು ಬಂತೆಂದು ಅಲ್ಲಿನ ಸಂಪ್ರದಾಯ. ಮೆಲ್ಲೀಹಾ, ನಶ್ಶಾರ್, ಗೋಜೊದ ಶಾರಾ ಊರುಗಳಲ್ಲೂ ಅದೇ ಹಬ್ಬ.

ಆ ದಿನಕ್ಕೆ ಇನ್ನೊಂದು ಹೆಸರು ವಿಜಯದ ದಿನ. 1565ರಲ್ಲಿ ಒಟ್ಟೊಮನ್ ಸೇನೆ ಸುಮಾರು ನಾಲ್ಕು ತಿಂಗಳು ದ್ವೀಪವನ್ನು ಮುತ್ತಿತ್ತು. ಸಿಸಿಲಿಯಿಂದ ನೆರವಿನ ಪಡೆ ಬಂದಿಳಿಯಿತು, ಕಡಲು ಕೆಡುವ ಕಾಲವೂ ಹತ್ತಿರವಾಗಿತ್ತು. ಸೆಪ್ಟೆಂಬರ್ 8ರಂದು ಮುತ್ತಿಗೆ ಮುರಿದ ಸುದ್ದಿಯನ್ನು ಮಾಲ್ಟಾ ಆಚರಿಸಿತು. ಮರುವರ್ಷ, 1566ರ ಮಾರ್ಚ್ 28ರಂದು, ಯೋಧರ ನಾಯಕ ಜಾನ್ ದ ವಲ್ಲೆಟ್ ಹೊಸ ನಗರಕ್ಕೆ ಅಡಿಗಲ್ಲು ಹಾಕಿದ. ಆ ನಗರಕ್ಕೆ ಅವನದೇ ಹೆಸರು ಬಂತು. ಹಬ್ಬದ ದಿನ ಬಂದರಿನಲ್ಲಿ ಊರೂರುಗಳ ನಡುವೆ ದೋಣಿ ಸ್ಪರ್ಧೆ ನಡೆಯುತ್ತದೆ. ಅಕ್ಟೋಬರ್‌ನಲ್ಲಿ ಅದೇ ಬಂದರಿನಿಂದ ಹಾಯಿದೋಣಿಗಳ ಮಿಡಲ್ ಸೀ ರೇಸ್ ಹೊರಡುತ್ತದೆ, ಸಿಸಿಲಿಯನ್ನು ಸುತ್ತಿ 606 ನಾಟಿಕಲ್ ಮೈಲಿ. ಬಿರುಗಾಳಿಗೆ ಸಿಕ್ಕಿ ಸ್ಪರ್ಧೆ ಬಿಟ್ಟು ಬಂದರು ಹಿಡಿಯುವ ದೋಣಿಗಳೂ ಇರುತ್ತವೆ. ಎರಡು ಸಾವಿರ ವರ್ಷಗಳಲ್ಲಿ ಹಡಗುಗಳು ಬದಲಾಗಿವೆ, ಅಕ್ಟೋಬರ್ ಬದಲಾಗಿಲ್ಲ.

ಅಕ್ಟೋಬರ್ ಜಪಸರದ ತಿಂಗಳು. ಮಾಲ್ಟಾದ ಸಂತ ಜಾರ್ಜ್ ಪ್ರೆಕಾ (1880-1962) ಅವರನ್ನು ಇಲ್ಲಿ ನೆನೆಯಬೇಕು. 1907ರಲ್ಲಿ ಅವರು ಸಾಮಾನ್ಯ ಯುವಕರಿಗೆ ಧರ್ಮೋಪದೇಶ ಕಲಿಸಿ, ಅವರನ್ನೇ ಉಪದೇಶಿಗಳನ್ನಾಗಿ ಮಾಡುವ ಸಂಘ ಸ್ಥಾಪಿಸಿದರು. ಗುರುಗಳೇ ಅಲ್ಲದವರು ಬೈಬಲ್ ಕಲಿಸುವುದು ಆಗ ಹಲವರಿಗೆ ಇಷ್ಟವಾಗಿರಲಿಲ್ಲ. ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಜಪಸರಕ್ಕೆ ಸೇರಿಸಿದ ಬೆಳಕಿನ ರಹಸ್ಯಗಳನ್ನು ಹೋಲುವ ಐದು ರಹಸ್ಯಗಳನ್ನು ಪ್ರೆಕಾ 1957ರಲ್ಲೇ ಬರೆದಿದ್ದರು. 2007ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ನಮ್ಮ ಧರ್ಮಕೇಂದ್ರಗಳಲ್ಲಿ ಭಾನುವಾರದ ಕ್ರೈಸ್ತೋಪದೇಶ ನಡೆಸುವ ಶಿಕ್ಷಕರಿಗೆ ಅವರ ಸಮಾಧಿಯಿರುವ ಬ್ಲಾತಾ ಲ್-ಬೈದಾ ಒಂದು ಯಾತ್ರಾಸ್ಥಳವೇ ಸರಿ.

ಸಮರಾತ್ರಿಯ ಸೂರ್ಯ, ಪತಂಗದಂತೆ ಬಣ್ಣದ ದೋಣಿ

ಹಗಲು-ರಾತ್ರಿ ಸಮನಾಗುವ ಸೆಪ್ಟೆಂಬರ್ 22-23ರ ಸುಮಾರಿಗೆ ಅಲ್ಲಿರುವವರು ದಕ್ಷಿಣ ತೀರದ ಮ್ನೈದ್ರಾ ಕಲ್ಲಿನ ದೇಗುಲಕ್ಕೆ ಹೋಗಬಹುದು. ಐದು ಸಾವಿರ ವರ್ಷಗಳಿಗೂ ಹಿಂದಿನ ಕಟ್ಟಡ. ಗೋಜೊದ ಜ್ಗಾಂತಿಯಾ ಇದಕ್ಕಿಂತಲೂ ಹಳೆಯದು, ಈಜಿಪ್ಟಿನ ಪಿರಮಿಡ್‌ಗಳಿಗಿಂತ ಮುಂಚಿನದು. ಸಮರಾತ್ರಿಯ ದಿನ ಉದಯಿಸುವ ಸೂರ್ಯನ ಕಿರಣ ದೇಗುಲದ ಮುಖ್ಯ ಬಾಗಿಲಿನಿಂದ ನೇರವಾಗಿ ಒಳಗಿನ ನಡುಹಾದಿಗೆ ಬೀಳುತ್ತದೆ. ಕಟ್ಟಿದವರ ಭಾಷೆ, ಹೆಸರು ಯಾವುದೂ ಉಳಿದಿಲ್ಲ. ನೆಲದಡಿಯ ಸಮಾಧಿ ಸಂಕೀರ್ಣವಾದ ಹಾಲ್ ಸಫ್ಲಿಯೇನಿಗೆ ಗಂಟೆಗೆ ಕೆಲವೇ ಮಂದಿಯನ್ನು ಬಿಡುತ್ತಾರೆ. ವಾರಗಟ್ಟಲೆ ಮೊದಲೇ ಟಿಕೆಟ್ ಕಾದಿರಿಸದಿದ್ದರೆ ಬಾಗಿಲಿನಿಂದ ಹಿಂದಿರುಗಬೇಕಾಗುತ್ತದೆ.

ಮೀನು ತಿನ್ನುವವರಿಗಂತೂ ಇದೇ ಸರಿಯಾದ ಕಾಲ. ಆಗಸ್ಟ್ ಮಧ್ಯದಿಂದ ವರ್ಷದ ಕೊನೆಯವರೆಗೆ ಲಂಪೂಕಿ ಎಂಬ ಮೀನಿನ ಹಂಗಾಮು. ಇದು ಪೇಟೆಯಲ್ಲಿ ಮಾಹಿ-ಮಾಹಿ ಎಂಬ ಹೆಸರಿನಲ್ಲಿ ಸಿಗುವ ಜಾತಿ. ಮೀನು ಹಿಡಿಯುವ ಕ್ರಮ ನಮ್ಮ ಮೊಗವೀರರಿಗೂ ಖಾರ್ವಿಗಳಿಗೂ ಕುತೂಹಲ ಹುಟ್ಟಿಸುವಂಥದು. ತೇಲುವ ಹಲಗೆಗಳಿಗೆ ತಾಳೆಗರಿ ಕಟ್ಟಿ ಕಡಲಲ್ಲಿ ಸಾಲಾಗಿ ಬಿಡುತ್ತಾರೆ. ಬಿಸಿಲಿನ ಹೊತ್ತು ಮೀನುಗಳು ಅದರ ನೆರಳಿಗೆ ಬಂದು ಸೇರುತ್ತವೆ; ಆಗ ಸುತ್ತ ಬಲೆ ಬೀಸುತ್ತಾರೆ. ಮಾರ್ಸಾಶ್ಲೊಕ್ ಬಂದರಿನಲ್ಲಿ ಭಾನುವಾರ ಮೀನು ಸಂತೆ. ಲುತ್ಸು ಎಂಬ ದೋಣಿಗಳು ಹಳದಿ, ನೀಲಿ, ಕೆಂಪು, ಹಸಿರು ಬಣ್ಣ ಬಳಿದುಕೊಂಡು ನಿಂತಿರುತ್ತವೆ, ಮೂತಿಯ ಎರಡೂ ಕಡೆ ಬಿಡಿಸಿದ ಕಣ್ಣು. ಲಂಪೂಕಿಯನ್ನು ಪಾಲಕ್, ಆಲಿವ್‌ಗಳೊಡನೆ ಹಿಟ್ಟಿನ ಹೊದಿಕೆಯಲ್ಲಿ ಬೇಯಿಸಿದ ಕಡುಬಿನಂಥ ತಿನಿಸನ್ನು ಈ ತಿಂಗಳುಗಳಲ್ಲಿ ಮಾತ್ರ ತಾಜಾ ಮೀನಿನಲ್ಲಿ ಮಾಡುತ್ತಾರೆ.

ಈ ಕಾಲದ ಇನ್ನೊಂದು ಮುಖ ಅಷ್ಟು ಹಿತವಲ್ಲ. ಯುರೋಪಿನಿಂದ ಆಫ್ರಿಕಕ್ಕೆ ವಲಸೆ ಹೋಗುವ ಹಕ್ಕಿಗಳು ಸೆಪ್ಟೆಂಬರ್‌ನಲ್ಲಿ ಬುಸ್ಕೆಟ್ ತೋಪಿನ ಮೇಲೆ ಹಾದುಹೋಗುತ್ತವೆ, ಅದೇ ತಿಂಗಳು ಬೇಟೆಯ ಹಂಗಾಮೂ ಆರಂಭವಾಗುತ್ತದೆ. ಹಾಡುಹಕ್ಕಿಗಳನ್ನು ಬಲೆಯಲ್ಲಿ ಹಿಡಿಯುವ ಪದ್ಧತಿಯ ವಿರುದ್ಧ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರಲ್ಲೂ 2024ರಲ್ಲೂ ತೀರ್ಪು ಕೊಟ್ಟಿದೆ. ಹಳ್ಳಿದಾರಿಯಲ್ಲಿ ನಡೆಯುವಾಗ ಗುಂಡಿನ ಸದ್ದು ಕೇಳಿದರೆ ಗಾಬರಿಯಾಗಬೇಡಿ.

ಗೋಜೊ

ಮಾಲ್ಟಾದ ಚಿರ್ಕೆವ್ವಾದಿಂದ ಗೋಜೊದ ಮ್ಜಾರ್‌ಗೆ ದೊಡ್ಡ ಫೆರ್ರಿಯಲ್ಲಿ 25 ನಿಮಿಷ. ವಲ್ಲೆಟ್ಟಾದಿಂದ ವೇಗದ ದೋಣಿ 2021ರಿಂದ ಇದೆ. ಗಾಳಿ ಜೋರಾದರೆ ಮೊದಲು ನಿಲ್ಲುವುದು ಅದೇ. ಆದ್ದರಿಂದ ಊರಿಗೆ ವಿಮಾನ ಹತ್ತುವ ಹಿಂದಿನ ದಿನ ಗೋಜೊ ಇಟ್ಟುಕೊಳ್ಳಬಾರದು. ಒಂದೇ ದಿನದಲ್ಲಿ ಓಡಿ ಬರುವ ಬದಲು ಎರಡು ರಾತ್ರಿ ತಂಗುವುದು ಒಳ್ಳೆಯದು.

ಗೋಜೊ 1864ರಿಂದ ಪ್ರತ್ಯೇಕ ಧರ್ಮಪ್ರಾಂತ್ಯ. ಹೊಲಗಳ ನಡುವೆ ಒಂಟಿಯಾಗಿ ನಿಂತಿರುವ ತಾ ಪಿನು ಬಸಿಲಿಕ ಅಲ್ಲಿನ ದೊಡ್ಡ ಮರಿಯ ಕ್ಷೇತ್ರ. 1883ರ ಜೂನ್‌ನಲ್ಲಿ ಹೊಲದಿಂದ ಮನೆಗೆ ಹೋಗುತ್ತಿದ್ದ ಕಾರ್ಮ್ನಿ ಗ್ರೀಮಾ ಎಂಬ ರೈತ ಮಹಿಳೆಗೆ ಹಳೆಯ ಪ್ರಾರ್ಥನಾಲಯದಿಂದ ಮಾತೆಯ ಕರೆ ಕೇಳಿಸಿತೆಂದು ನಂಬಲಾಗಿದೆ. ಈಗಿನ ದೊಡ್ಡ ದೇವಾಲಯದ ಕೆಲಸ 1920ರಲ್ಲಿ ಆರಂಭವಾಯಿತು. ಹಳೆಯ ಪ್ರಾರ್ಥನಾಲಯವನ್ನು ಅದರ ಬಲಿಪೀಠದ ಹಿಂದೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಪಕ್ಕದ ಕೋಣೆಗಳ ಗೋಡೆ ತುಂಬ ಹರಕೆಯ ವಸ್ತುಗಳು: ಮಗುವಿನ ಅಂಗಿ, ಊರುಗೋಲು, ಅಲೆಗೆ ಸಿಕ್ಕ ಹಡಗುಗಳ ಚಿತ್ರ. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ ಗೋಜೊದ ಕಡಲ ಕಮಾನು, ನೀಲಿ ಕಿಟಕಿಯ ಚಿತ್ರವಿರುತ್ತದೆ. ಅದನ್ನು ಹುಡುಕಬೇಡಿ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಅದು ಸಂಪೂರ್ಣ ಕುಸಿದು ಕಡಲು ಸೇರಿತು.

ಹೋಗುವ ಮುನ್ನ

ಮಾಲ್ಟಾ 2004ರಿಂದ ಯುರೋಪಿಯನ್ ಒಕ್ಕೂಟದಲ್ಲಿದೆ, 2007ರ ಡಿಸೆಂಬರ್‌ನಿಂದ ಶೆಂಗೆನ್ ವಲಯದಲ್ಲಿ, 2008ರಿಂದ ಯೂರೊ ಹಣ. ಭಾರತೀಯರಿಗೆ ಶೆಂಗೆನ್ ವೀಸಾ ಬೇಕು. ಇಟಲಿ ಯಾತ್ರೆಯ ವೀಸಾದಲ್ಲೇ ಮಾಲ್ಟಾಕ್ಕೂ ಹೋಗಬಹುದು, ಆದರೆ ಹೆಚ್ಚು ದಿನ ಕಳೆಯುವ ದೇಶದಲ್ಲೇ ಅರ್ಜಿ ಹಾಕುವುದು ನಿಯಮ. 2025ರ ಅಕ್ಟೋಬರ್ 12ರಿಂದ ಯುರೋಪಿನ ಹೊಸ ಗಡಿ ನೋಂದಣಿ ಜಾರಿಗೆ ಬಂದಿದ್ದು, ಬೆರಳಚ್ಚು ಮತ್ತು ಮುಖದ ಚಿತ್ರ ಕೊಡಬೇಕಾಗುತ್ತದೆ. ವಯಸ್ಸಾದವರ ಗುಂಪಿದ್ದರೆ ಸಾಲಿಗೆ ಸಮಯ ಇಟ್ಟುಕೊಳ್ಳಿ. ಹಳೆಯ ಏರ್ ಮಾಲ್ಟಾ 2024ರ ಮಾರ್ಚ್‌ನಲ್ಲಿ ಮುಚ್ಚಿದೆ, ಅದರ ಜಾಗದಲ್ಲಿ ಕೆಎಂ ಮಾಲ್ಟಾ ಏರ್‌ಲೈನ್ಸ್ ಹಾರುತ್ತಿದೆ. ಕೊಮಿನೊದ ನೀಲಿ ಲಗೂನ್‌ಗೆ 2025ರಿಂದ ಮುಂಗಡ ನೋಂದಣಿ ಬೇಕು.

ಇಂಗ್ಲಿಷ್ ಅಧಿಕೃತ ಭಾಷೆಗಳಲ್ಲಿ ಒಂದು, ವಾಹನಗಳು ನಮ್ಮಂತೆಯೇ ಎಡಗಡೆ. ಬಲಿಪೂಜೆ ಹೆಚ್ಚಾಗಿ ಮಾಲ್ಟೀಸ್ ಭಾಷೆಯಲ್ಲಿ. ಅದು ಅರಬ್ಬಿಯಿಂದ ಹುಟ್ಟಿ ರೋಮನ್ ಲಿಪಿಯಲ್ಲಿ ಬರೆಯುವ ಭಾಷೆ. ದೇವರಿಗೆ ಅಲ್ಲಿನ ಕ್ರೈಸ್ತರು ಹೇಳುವ ಪದ ಅಲ್ಲಾ, ತಪಸ್ಸುಕಾಲಕ್ಕೆ ರಂದಾನ್. ಮೊದಲ ಸಲ ಕೇಳಿದವರು ಬೆರಗಾಗುತ್ತಾರೆ. ಬಲಿಪೂಜೆಗೆ ಕುಳಿತವರಲ್ಲಿ ಭಾರತೀಯ ಮುಖಗಳೂ ಇರುತ್ತವೆ. 2021ರ ಜನಗಣತಿಯಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವಿದೇಶೀಯರಾಗಿದ್ದರು, ಅವರಲ್ಲಿ ಭಾರತೀಯರದು ದೊಡ್ಡ ಗುಂಪುಗಳಲ್ಲೊಂದು.

ನವೆಂಬರ್, ಮತ್ತು ಬೇರೆ ದೋಣಿಗಳು

ನವೆಂಬರ್ ಮೃತರ ಸ್ಮರಣೆಯ ತಿಂಗಳು. ಬೇಕರಿಗಳಲ್ಲಿ ಎಲುಬಿನ ಆಕಾರದ, ಒಳಗೆ ಬಾದಾಮಿ ತುಂಬಿದ ಸಿಹಿ ಬಿಸ್ಕತ್ತು ಮಾರುತ್ತಾರೆ. ಹೆಸರೂ ಸತ್ತವರ ಎಲುಬು ಎಂದೇ. ನವೆಂಬರ್ 11ರ ಸಂತ ಮಾರ್ಟಿನರ ಹಬ್ಬಕ್ಕೆ ಮಕ್ಕಳಿಗೆ ಒಣ ಅಂಜೂರ, ಬಾದಾಮಿ, ಅಕ್ರೋಟು ತುಂಬಿದ ಚೀಲ ಕೊಡುವ ರೂಢಿ. ಹಳೆಯ ರೋಮನ್ ಪಂಚಾಂಗದಲ್ಲಿ ಕಡಲು ಮುಚ್ಚುತ್ತಿದ್ದುದೂ ಅದೇ ದಿನ.

ಕಡಲು ಮುಚ್ಚುವ ಮೊದಲು ದಾಟಿಬಿಡೋಣ ಎನ್ನುವವರು ಇಂದಿಗೂ ಇದ್ದಾರೆ. 2013ರ ಅಕ್ಟೋಬರ್ 3ರಂದು ಮಾಲ್ಟಾದ ಪಶ್ಚಿಮಕ್ಕಿರುವ ಲಂಪೆದೂಸ ದ್ವೀಪದ ಬಳಿ ಲಿಬಿಯದಿಂದ ಬಂದ ದೋಣಿ ಮುಳುಗಿ 360ಕ್ಕೂ ಹೆಚ್ಚು ವಲಸಿಗರು ಸತ್ತರು. ಎಂಟು ದಿನಗಳ ನಂತರ, ಅಕ್ಟೋಬರ್ 11ರಂದು, ಮಾಲ್ಟಾ ಮತ್ತು ಲಂಪೆದೂಸ ನಡುವೆ ಸಿರಿಯದ ಕುಟುಂಬಗಳಿದ್ದ ಇನ್ನೊಂದು ದೋಣಿ ಮಗುಚಿ 200ಕ್ಕೂ ಹೆಚ್ಚು ಮಂದಿ ಸತ್ತರು. ಸುಮಾರು 60 ಮಕ್ಕಳು. ದೋಣಿಯಿಂದ ಕರೆಗಳು ಹೋಗುತ್ತಿದ್ದಾಗ ಇಟಲಿ ಮತ್ತು ಮಾಲ್ಟಾದ ರಕ್ಷಣಾ ಕೇಂದ್ರಗಳ ನಡುವೆ ಹೊಣೆ ಯಾರದೆಂಬ ಮಾತು ನಡೆಯುತ್ತಿತ್ತು. ಜೀವ ಉಳಿಸುವ ಕರ್ತವ್ಯದಲ್ಲಿ ಇಟಲಿ ತಪ್ಪಿತು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2021ರ ಜನವರಿಯಲ್ಲಿ ಹೇಳಿತು.

ಪೌಲರ ಹಡಗಿನ 276 ಮಂದಿಯೂ ಉಳಿದರು ಎಂಬುದನ್ನು ಓದುವಾಗ ಈ ಸಂಖ್ಯೆಗಳೂ ನೆನಪಾಗುತ್ತವೆ. 2022ರ ಏಪ್ರಿಲ್‌ನಲ್ಲಿ ಬಂದ ಪೋಪ್ ಫ್ರಾನ್ಸಿಸ್ ತಮ್ಮ ಭೇಟಿಯ ಧ್ಯೇಯವನ್ನು ದ್ವೀಪದವರು ಪೌಲರಿಗೆ ತೋರಿದ ಆ ಆದರದಿಂದಲೇ ಆರಿಸಿಕೊಂಡಿದ್ದರು. ಹಾಲ್ ಫಾರ್‌ನಲ್ಲಿ ವಲಸಿಗರಿಗೆ ಆಸರೆಯಾಗಿರುವ, ಪೋಪ್ 23ನೇ ಜಾನ್ ಹೆಸರಿನ ಕೇಂದ್ರಕ್ಕೂ ಹೋಗಿ ಅಲ್ಲಿದ್ದವರ ಮಾತು ಕೇಳಿದರು. ಆಶ್ರಯ ಕೇಳಿ ಬಂದವರ ವಿಷಯದಲ್ಲಿ ಮಾಲ್ಟಾದ ಜನರಲ್ಲಿ ಒಮ್ಮತವಿಲ್ಲ. ಇಷ್ಟು ಸಣ್ಣ ದ್ವೀಪ ಎಷ್ಟು ಜನರನ್ನು ಹೊರಬಲ್ಲದು ಎಂಬ ಅವರ ಪ್ರಶ್ನೆಯನ್ನು ಹೊರಗಿನವರು ಹಗುರವಾಗಿ ತಳ್ಳಿಹಾಕುವುದೂ ನ್ಯಾಯವಲ್ಲ.

ವಲ್ಲೆಟ್ಟಾದಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರದ ಪಾವ್ಲಾ ಪಟ್ಟಣದಲ್ಲಿ ಅದ್ದೊಲೊರಾತಾ ಸ್ಮಶಾನವಿದೆ. ಗುಡ್ಡದ ಮೇಲೆ ಸೈಪ್ರೆಸ್ ಮರಗಳು, ತುದಿಯಲ್ಲಿ ಕಲ್ಲಿನ ಚರ್ಚು. ನವೆಂಬರ್ 2ರಂದು ಊರೆಲ್ಲ ಹೂ ಹಿಡಿದು ಅಲ್ಲಿಗೆ ಬರುತ್ತದೆ. 2015ರ ಏಪ್ರಿಲ್‌ನಲ್ಲಿ ಲಿಬಿಯದ ಬಳಿ ಮುಳುಗಿದ ದೋಣಿಯಿಂದ ಸಿಕ್ಕ 24 ದೇಹಗಳನ್ನು, ಯಾರೆಂದು ಗುರುತು ಸಿಗದ ಕಾರಣ ಹೆಸರಿಲ್ಲದೆ, ಅಲ್ಲೇ ಮಣ್ಣು ಮಾಡಲಾಯಿತು. ಕ್ರೈಸ್ತ ಗುರುಗಳೂ ಮುಸ್ಲಿಂ ಇಮಾಮರೂ ಆ ದಿನ ಜೊತೆಯಾಗಿ ಪ್ರಾರ್ಥಿಸಿದ್ದರು.